ಚಳಿಗಾಲದ ಸವಾರಿಗೆ ಹ್ಯಾಂಡಲ್ ಗವಸು: ಒಂದು ವಿಮರ್ಶೆ

ಅಮೆರಿಕದ ಮಿನಿಯಾಪೊಲಿಸ್‌ ನಗರದಲ್ಲಿ ಜನವರಿಯ ಬೆಳಗಿನ ಉಷ್ಣಾಂಶ ಮೈನಸ್ 13 ಡಿಗ್ರಿಯ ಆಸುಪಾಸಿನಲ್ಲಿರುವುದು ಸಾಮಾನ್ಯ ಸಂಗತಿ. ಆದರೂ ಹಳೆಯ ರೈಲುಹಳಿಯ ಜಾಗದಲ್ಲಿ ರೂಪುಗೊಂಡ ಮಿಡ್‌ಟೌನ್ ಗ್ರೀನ್‌ವೇ ಸೈಕಲ್ ದಾರಿಯ ಹಿಮವನ್ನು ಆಗಾಗ ತೆಗೆಯುವುದರಿಂದ ಅಲ್ಲಿ ಓಡಾಟ ಚಳಿಗಾಲವಿಡೀ ಇದ್ದೇ ಇರುತ್ತದೆ. ತುಳಿಯುತ್ತಿದ್ದಂತೆ ಮೈ ತಾನಾಗಿ ಬಿಸಿಯೇರುತ್ತದೆ. ಕಾಡುವುದು ಕೈಬೆರಳುಗಳ ಚಳಿ. ಒಡಲಿನ ಶಾಖವನ್ನು ಕಾಪಾಡಿಕೊಳ್ಳಲು ದೇಹವು ಬೆರಳುಗಳ ರಕ್ತನಾಳಗಳನ್ನು ಕಿರಿದಾಗಿಸುತ್ತದೆ, ಸಾಲದ್ದಕ್ಕೆ ಸವಾರಿಯ ವೇಗವೇ ಗಾಳಿಯಾಗಿ ಎದುರು ಬಡಿಯುತ್ತದೆ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 20 ಕಿ.ಮೀ. ವೇಗದ ಗಾಳಿ ತಾಗಿದರೆ ಬರಿಯ ಚರ್ಮಕ್ಕೆ ಅದು ಮೈನಸ್ 18ರ ಚಳಿಗೆ ಸಮ.

ಹಿಮಜಾರಾಟದ ದಪ್ಪ ಕೈಗವಸು ಇದಕ್ಕೆ ಸರಿಯಾದ ಉತ್ತರವಲ್ಲ ಎಂಬುದು ನನ್ನ ಅನುಭವ. ಹಿಡಿ ಬಿಗಿದಾಗ ಅದರೊಳಗೆ ತುಂಬಿದ ಮೆತ್ತನೆಯ ನಾರು ಅಮುಕಿಹೋಗಿ, ಶಾಖವನ್ನು ತಡೆಯಬೇಕಾದ ಗಾಳಿಯ ಪದರವೇ ಇಲ್ಲವಾಗುತ್ತದೆ. ಬ್ರೇಕ್ ಎಷ್ಟು ಒತ್ತಿದೆ, ಗೇರ್ ಬಿತ್ತೋ ಇಲ್ಲವೋ ಎಂಬುದೂ ಬೆರಳಿಗೆ ತಿಳಿಯುವುದಿಲ್ಲ. ಬೆರಳುಗಳನ್ನು ಎರಡೆರಡಾಗಿ ಜೋಡಿಸಿಟ್ಟ, ಏಡಿಯ ಕೊಂಡಿಯಂತಿರುವ ಗವಸು ಇದಕ್ಕಿಂತ ವಾಸಿ, ಆದರೆ ಲೋಹದ ಬ್ರೇಕ್ ಹಿಡಿ ಅಲ್ಲಿಯೂ ಶಾಖವನ್ನು ಹೀರುತ್ತಲೇ ಇರುತ್ತದೆ.

ಇಲ್ಲಿನ ಸವಾರರು ಪೋಗಿ ಎಂದು ಕರೆಯುವ ಹ್ಯಾಂಡಲ್ ಗವಸು ಕೈಗೆ ತೊಡುವ ವಸ್ತುವಲ್ಲ, ಸೈಕಲ್ಲಿಗೆ ಕಟ್ಟುವ ವಸ್ತು. ಉತ್ತರ ಭಾರತದ ಚಳಿಯಲ್ಲಿ ಬೈಕ್ ಸವಾರರು ಹ್ಯಾಂಡಲ್ಲಿಗೆ ಹಾಕಿಕೊಳ್ಳುವ ಹೊದಿಕೆಯ ಬಳಗಕ್ಕೇ ಇದೂ ಸೇರುತ್ತದೆ. ನಾನು ಕೊಂಡದ್ದು ಈಜುಗಾರರ ಉಡುಪಿಗೆ ಬಳಸುವ ನಿಯೋಪ್ರೀನ್‌ನಿಂದ ಮಾಡಿದ್ದು. ಈ ರಬ್ಬರಿನೊಳಗಿನ ಸಣ್ಣ ಗುಳ್ಳೆಗಳು ಶಾಖವನ್ನು ಹಿಡಿದಿಡುತ್ತವೆ, ಗಾಳಿಯನ್ನು ಒಳಗೆ ಬಿಡುವುದಿಲ್ಲ. ಬ್ರೇಕ್ ಹಿಡಿ, ಗೇರ್, ಕೈ ಎಲ್ಲವೂ ಒಂದೇ ಗೂಡಿನೊಳಗೆ ಇರುವುದರಿಂದ ಮೈನಸ್ 10ರವರೆಗೂ ತೆಳುವಾದ ಉಣ್ಣೆಯ ಗವಸು ನನಗೆ ಸಾಕಾಗುತ್ತದೆ, ಹೊರಮೈ ಮೇಲೆ ಹಿಮದ ಪುಡಿ ಕುಳಿತಿದ್ದರೂ ಒಳಗೆ ಬೆರಳುಗಳು ಸಲೀಸಾಗಿ ಆಡುತ್ತವೆ. ಅದಕ್ಕಿಂತ ಕೊರೆಯುವ ದಿನಗಳಲ್ಲಿ ಕಬ್ಬಿಣದ ಪುಡಿ ಗಾಳಿಯೊಂದಿಗೆ ಬೆರೆತು ಬಿಸಿಯಾಗುವ ಪೊಟ್ಟಣವೊಂದನ್ನು ಒಳಗೆ ಇಟ್ಟುಕೊಳ್ಳಬಹುದು.

ಕೊರತೆಗಳೂ ಇವೆ. ಸಿಗ್ನಲ್‌ನಲ್ಲಿ ಕೈ ತೋರಿಸಿ ಮತ್ತೆ ಒಳಗೆ ತೂರಿಸುವಾಗ ಬಾಯಿಯ ಅಂಚು ಮಡಚಿಕೊಂಡು ಅಡ್ಡ ಬರುತ್ತದೆ. ಹೊಸಬರು ಖಾಲಿ ರಸ್ತೆಯಲ್ಲಿ ಇದನ್ನು ರೂಢಿಸಿಕೊಂಡ ನಂತರವೇ ವಾಹನಗಳ ನಡುವೆ ಇಳಿಯುವುದು ಕ್ಷೇಮ. ಬೆಲ್ ಒಳಗೆ ಸಿಕ್ಕಿಕೊಂಡರೆ ಅದರ ಸದ್ದು ಹೊರಗೆ ಕೇಳಿಸುವುದಿಲ್ಲವಾದ್ದರಿಂದ ಅದನ್ನು ಹ್ಯಾಂಡಲ್ಲಿನ ನಡುವಿಗೆ ಸರಿಸಬೇಕಾಗುತ್ತದೆ. ಬ್ರೇಕ್ ತಂತಿಯ ಕೆಳಗೆ ಅಂಟಿಸುವ ವೆಲ್ಕ್ರೋ ಪಟ್ಟಿಯ ಹೊಲಿಗೆ ಮೊದಲ ಚಳಿಗಾಲದಲ್ಲೇ ಬಿಟ್ಟಿತು, ನಾನು ದಪ್ಪ ದಾರದಿಂದ ಮತ್ತೆ ಹೊಲಿದುಕೊಂಡೆ. ಇಂಥ ದುಬಾರಿ ವಸ್ತುವಿನಲ್ಲಿ ಇದು ಆಗಬಾರದಿತ್ತು. 5 ಡಿಗ್ರಿಗಿಂತ ಮೇಲಾದರೆ ಅಂಗೈ ಬೆವರುತ್ತದೆ, ಆಗ ಬಿಚ್ಚಿಡುವುದೇ ಸರಿ. ಡಿಸೆಂಬರ್‌ನಲ್ಲಿಯೂ ಬೆಳಗ್ಗೆ 15-16 ಡಿಗ್ರಿ ಇರುವ ಬೆಂಗಳೂರಿಗಂತೂ ಇದರ ಅಗತ್ಯವೇ ಇಲ್ಲ.

ನೇರ ಹ್ಯಾಂಡಲ್ಲಿಗೂ ಕೆಳಬಾಗಿದ ರೇಸಿಂಗ್ ಹ್ಯಾಂಡಲ್ಲಿಗೂ ಬೇರೆ ಬೇರೆ ಅಚ್ಚಿನ ಗವಸುಗಳು ಬರುತ್ತವೆ, ಒಂದನ್ನು ಇನ್ನೊಂದಕ್ಕೆ ಕೂರಿಸಲಾಗದು. ಹ್ಯಾಂಡಲ್ಲಿನ ತುದಿಗೆ ಬಿರಡೆಯಿಂದ ಬಿಗಿಯುವಂಥದ್ದನ್ನೇ ಆರಿಸಿಕೊಳ್ಳಿ; ಬರೀ ಪಟ್ಟಿಯ ಆಸರೆಯಲ್ಲಿ ನಿಲ್ಲುವ ಅಗ್ಗದ ಮಾದರಿ ಎದುರುಗಾಳಿಗೆ ಕುಸಿದು ಬ್ರೇಕ್ ಹಿಡಿಯ ಮೇಲೆಯೇ ಒರಗುತ್ತದೆ.