ಖಾದಿ, ಪಾಲಿಯೆಸ್ಟರ್, ‘ಬಿದಿರು’: ಮಂಗಳೂರಿನ ಬೆವರಿಗೆ ಯಾವುದು?

ಏಪ್ರಿಲ್ ಮಧ್ಯಾಹ್ನ ಮಂಗಳೂರಿನ ಸಿಟಿ ಬಸ್ಸಿನಲ್ಲಿ ನಿಂತವನಿಗೆ ಬಟ್ಟೆಯ ಗುಣ ತಿಳಿಯಲು ಲೇಬಲ್ ಬೇಕಿಲ್ಲ. ಧಾರವಾಡ ಕಡೆಯ ಖಾದಿ ಅಂಗಿ, ಓಟಕ್ಕೆಂದು ಕೊಂಡ ಪಾಲಿಯೆಸ್ಟರ್ ಟೀ ಶರ್ಟ್, ‘ಪರಿಸರಸ್ನೇಹಿ ಬಿದಿರು’ ಎಂದು ಅಚ್ಚಾಗಿದ್ದ ಇನ್ನೊಂದು. ಈ ಮೂರನ್ನೂ ಬೇಸಿಗೆಯಿಂದ ಮಳೆಗಾಲದವರೆಗೆ ಉಟ್ಟು, ಒಗೆದು ನೋಡಿದೆ.

ಸೆಕೆಯಲ್ಲಿ ಖಾದಿಗೆ ಸಾಟಿಯಿಲ್ಲ. ಬೆನ್ನು ಒದ್ದೆಯಾದರೂ ಬಟ್ಟೆ ಮೈಗೆ ಮೆತ್ತಿಕೊಳ್ಳುವುದಿಲ್ಲ. ಸಾಮಾನ್ಯ ಹವೆಯಲ್ಲೇ ಹತ್ತಿ ತನ್ನ ತೂಕದ ಶೇ 8ರಷ್ಟು ತೇವ ಹಿಡಿದಿಟ್ಟುಕೊಂಡರೆ ಪಾಲಿಯೆಸ್ಟರ್ ಶೇ 1ನ್ನೂ ಮುಟ್ಟುವುದಿಲ್ಲ. ಮೈಯ ಜಿಡ್ಡು ಮಾತ್ರ ಅದಕ್ಕೆ ಚೆನ್ನಾಗಿ ಅಂಟುತ್ತದೆ. ಹಾಗಾಗಿ ಒಗೆದು ಒಣಗಿಸಿದ ಟೀ ಶರ್ಟ್ ಕೂಡ ಮೈ ಬಿಸಿಯಾದೊಡನೆ ಕಂಕುಳಲ್ಲಿ ಹಳೆಯ ವಾಸನೆ ಬಿಡುತ್ತಿತ್ತು. ಪಾಲಿಯೆಸ್ಟರಿಗೆ ಹಾಕುವ ಕೆಲವು ಕಡುನೀಲಿ ಡಿಸ್ಪರ್ಸ್ ಬಣ್ಣಗಳು ಚರ್ಮದ ಅಲರ್ಜಿಗೆ ಕುಖ್ಯಾತವಾಗಿವೆ. ತುರಿಕೆಯ ಮೈಯವರು ತಿಳಿಬಣ್ಣ ಆರಿಸುವುದು ಮೇಲು.

ವಾಷಿಂಗ್ ಮಷೀನಿನ ನೀರು ಹೊರಹೋಗುವ ಪೈಪಿನ ಬಾಯಿಗೆ ಹಳೆಯ ಪಂಚೆಯ ತುಂಡು ಕಟ್ಟಿ ನೋಡಿ. ಬೂದು ಬಣ್ಣದ ಜೂಲು ಸಿಗುತ್ತದೆ. ಖಾದಿಯೂ ನೂಲು ಉದುರಿಸುತ್ತದೆ, ಆದರೆ ಅದು ಕೊಳೆಯುತ್ತದೆ. ಪಾಲಿಯೆಸ್ಟರಿನದು ಪ್ಲಾಸ್ಟಿಕ್, ನಮ್ಮೂರಿನ ಚರಂಡಿ ಹಿಡಿದರೆ ಕಡಲಿಗೆ ದೂರವೇನಿಲ್ಲ.

ಜುಲೈನಲ್ಲಿ ಲೆಕ್ಕ ತಿರುಗುಮುರುಗಾಯಿತು. ಖಾದಿ ದಿನಗಟ್ಟಲೆ ಹಗ್ಗದ ಮೇಲಿದ್ದರೂ ಕಾಲರಿನ ಹೊಲಿಗೆ ಒಣಗದೆ ಮುಗ್ಗಲು ಹಿಡಿದು, ಕರಿಚುಕ್ಕೆ ಬಂತು. ಇಸ್ತ್ರಿಯಲ್ಲೇ ಒಣಗಿಸುವುದಾದರೆ ಅದರ ಕರೆಂಟನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ! ಪಾಲಿಯೆಸ್ಟರ್ ಫ್ಯಾನಿನ ಕೆಳಗೆ ರಾತ್ರಿ ಕಳೆಯುವುದರೊಳಗೆ ತಯಾರು. ಹತ್ತಿಯೇನೂ ಸಾಧು ಬೆಳೆಯಲ್ಲ. ಒಂದು ಕಿಲೋ ಹತ್ತಿಬಟ್ಟೆಯ ಹಿಂದೆ ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರಿದೆ, ಕೀಟನಾಶಕ ಬೇರೆ. ಧಾರವಾಡ ಸೀಮೆಯ ಜಯಧರ್‌ನಂಥ ಮಳೆಯಾಶ್ರಿತ ನಾಟಿ ಹತ್ತಿ ತಳಿ ನೀರಾವರಿಯ ನೀರು ಕೇಳುವುದಿಲ್ಲ, ಕೀಟನಾಶಕವೂ ಕಡಿಮೆ ಸಾಕು. ನನ್ನ ಒಲವು ಅದಕ್ಕೇ.

ಇನ್ನು ‘ಬಿದಿರು’. ಮುಟ್ಟಿದರೆ ರೇಷ್ಮೆಯ ತಂಪು, ನಿಜ. ಆದರೆ ಅದು ರೇಯಾನ್. ಬಿದಿರಿನ ತಿರುಳನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್‌ಗಳಲ್ಲಿ ಕರಗಿಸಿ ಎಳೆದ ನೂಲು. ಕಾರ್ಬನ್ ಡೈಸಲ್ಫೈಡ್ ಉಟ್ಟವರಿಗಿಂತ ಕಾರ್ಖಾನೆಯ ಕೆಲಸಗಾರರ ನರಗಳನ್ನು ಕಾಡುವ ವಿಷ. 2009ರಲ್ಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ರೇಯಾನನ್ನು ಬಿದಿರೆಂದು ಮಾರಿದ ಕಂಪನಿಗಳ ಮೇಲೆ ಕ್ರಮಕ್ಕಿಳಿದಿತ್ತು. ನಮಗೆ ಈ ಕಥೆ ಇನ್ನೂ ಹತ್ತಿರದ್ದು: ರೇಯಾನ್ ತಿರುಳಿಗೆಂದು ಸಾರ್ವಜನಿಕ ಜಮೀನಿನಲ್ಲಿ ನೆಟ್ಟಿದ್ದ ನೀಲಗಿರಿಯನ್ನು 1987ರಲ್ಲಿ ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ‘ಕಿತ್ತಿಕೋ-ಹಚ್ಚಿಕೋ’ (ಕೀಳು-ನೆಡು) ಸತ್ಯಾಗ್ರಹ ಹೂಡಿ ಕಿತ್ತರು. ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ನನ್ನ ಅಂಗಿಯ ಅಂಚು ಮಳೆಗಾಲ ಮುಗಿಯುವ ಮೊದಲೇ ಜೋತುಬಿದ್ದು, ಎದೆಯ ಮೇಲೆ ಗುಂಜು ಗುಂಜಾಯಿತು. ಮೂರರಲ್ಲಿ ನಾನು ಮತ್ತೆ ಕೊಳ್ಳದಿರುವುದು ಇದನ್ನೇ.

ಈಗ ಮೈಗೆ ತಾಗುವುದೆಲ್ಲ ಹತ್ತಿ. ಮಳೆಗಾಲಕ್ಕೆ ದಪ್ಪ ಖಾದಿಯ ಬದಲು ತೆಳು ಕೈಮಗ್ಗ. ಪಾಲಿಯೆಸ್ಟರ್ ಟೀ ಶರ್ಟನ್ನು ಎಸೆದಿಲ್ಲ, ಹರಿಯುವ ತನಕ ಓಟಕ್ಕೆ ಹಾಕುತ್ತೇನೆ. ಗ್ಯಾಸ್ ಒಲೆಯ ಮುಂದೆ ಮಾತ್ರ ಅದು ಬೇಡ. ಬೆಂಕಿ ತಗುಲಿದರೆ ಹತ್ತಿಯೂ ಉರಿಯುತ್ತದೆ, ಆದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೇ ಅಂಟುತ್ತದೆ.