ಅಳತೆ ಕುಪ್ಪಸ, ಟೇಲರ್ ಟೇಪು, ಮನೆಯ ಟೇಪು: ಮೂರನ್ನೂ ಹೊಲಿಸಿ ನೋಡಿದ ಹೋಲಿಕೆ

ಗುಳೇದಗುಡ್ಡದ ಖಣವೊಂದು, ಅಂದರೆ ಕುಪ್ಪಸಕ್ಕೆಂದೇ ನೇಯ್ದ ಬಟ್ಟೆ, ವರ್ಷದಿಂದ ನನ್ನ ಟ್ರಂಕಿನಲ್ಲಿ ಮಡಿಕೆ ಬಿಚ್ಚದೆ ಬಿದ್ದಿತ್ತು. ಅದಕ್ಕೆ ಕತ್ತರಿ ಹಾಕಿಸುವ ಧೈರ್ಯ ಬಂದಿರಲಿಲ್ಲ, ಏಕೆಂದರೆ ಅದಕ್ಕೂ ಮೊದಲು ಹೊಲಿಸಿದ್ದ ಖಣದ ಕುಪ್ಪಸವು ಮದುವೆಯ ದಿನ ಅಕ್ಷತೆ ಹಾಕಲು ಕೈ ಎತ್ತಿದಾಗಲೆಲ್ಲ ತೋಳನ್ನು ಹಿಡಿದೆಳೆದು, ಇಡಿಯಾಗಿ ಮೇಲಕ್ಕೆ ಸರಿದು ಬರುತ್ತಿತ್ತು. ಹೊಲಿದವರನ್ನು ದೂರುವಂತಿರಲಿಲ್ಲ, ನಾನು ಕೊಟ್ಟಿದ್ದ ಅಳತೆ ಕುಪ್ಪಸವನ್ನು ಅವರು ಚಾಚೂ ತಪ್ಪದೆ ಅನುಸರಿಸಿದ್ದರು. ಖಣದ ಪನ್ನ, ಅಂದರೆ ಅಗಲ, ಕಡಿಮೆ, ಎರಡೂ ಬದಿಗೆ ಅಂಚು ಬೇರೆ. ಕತ್ತರಿ ತಪ್ಪಿದರೆ ಸರಿಪಡಿಸಲು ಬಟ್ಟೆ ಉಳಿಯುವುದಿಲ್ಲ. ಆದ್ದರಿಂದ ಯಾವ ರೀತಿಯ ಅಳತೆಯನ್ನು ನಂಬಬೇಕೆಂಬುದನ್ನು ಸಾದಾ ಬಟ್ಟೆಯ ಮೇಲೆ ಮೊದಲು ತಿಳಿದುಕೊಳ್ಳೋಣವೆಂದು ನಿರ್ಧರಿಸಿದೆ.

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಒಂದೇ ಥಾನಿನಿಂದ ಮೂರು ಕುಪ್ಪಸಕ್ಕೆ ಸಾಕಾಗುವಷ್ಟು ಟೂ ಬೈ ಟೂ ರುಬಿಯಾ ಎಂಬ ಸಾದಾ ಕುಪ್ಪಸದ ಬಟ್ಟೆ ತಂದು, ಹೊಲಿದ ಮೇಲೆ ಕುಗ್ಗಬಾರದೆಂದು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದೆ. ಹೊಲಿಗೆಯ ಕೈ ಬದಲಾದರೆ ಹೋಲಿಕೆಗೆ ಅರ್ಥವಿರುವುದಿಲ್ಲವಾದ್ದರಿಂದ ಮೂರನ್ನೂ ಧಾರವಾಡದ ಒಬ್ಬರೇ ಟೇಲರ್ ಅಕ್ಕನವರಿಗೆ ಕೊಟ್ಟೆ. ಮೂರಕ್ಕೂ ಲೈನಿಂಗ್ ಇಲ್ಲ, ಮೂರಕ್ಕೂ ಮುಂದೆಯೇ ಹುಕ್ಕು.

ಮೊದಲನೆಯದು ಅಳತೆ ಕುಪ್ಪಸ ಕೊಟ್ಟು ಹೊಲಿಸಿದ್ದು. ನಮ್ಮಲ್ಲಿ ಬಹುತೇಕ ಹೆಣ್ಣುಮಕ್ಕಳು ಮಾಡುವುದು ಇದನ್ನೇ. ಅಂಗಡಿಯಲ್ಲಿ ನಿಲ್ಲಬೇಕಿಲ್ಲ, ಯಾರ ಕೈಯಲ್ಲಾದರೂ ಕೊಟ್ಟು ಕಳಿಸಬಹುದು, ಮೈ ಮುಟ್ಟಿಸಿಕೊಳ್ಳುವ ಸಂಕೋಚವೂ ಇಲ್ಲ. ಈ ವಿಧಾನದ ನಿಜವಾದ ಬಲ ಕೊರಳು ಮತ್ತು ತೋಳಿನಲ್ಲಿದೆ: ಹಿಂದಿನ ಕೊರಳು ಎಷ್ಟು ಇಳಿದಿರಬೇಕು, ತೋಳು ಮೊಣಕೈಯಿಂದ ಎಷ್ಟು ಮೇಲೆ ನಿಲ್ಲಬೇಕು ಎಂಬುದು ದೇಹದ ಅಳತೆಯಲ್ಲ, ತೊಡುವವರ ರೂಢಿ, ಅದು ಹಳೆಯ ಕುಪ್ಪಸದಲ್ಲಿ ಇರುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಇರುವುದಿಲ್ಲ. ಆದರೆ ನಾನು ಕೊಟ್ಟ ಕುಪ್ಪಸಕ್ಕೆ ಏಳು ವರ್ಷವಾಗಿತ್ತು, ಎರಡು ಬಾರಿ ಬದಿಯ ಹೊಲಿಗೆ ಬಿಚ್ಚಿ ಸಡಿಲು ಮಾಡಿಸಿದ್ದೆ. ಹುಕ್ಕು ಹಾಕಿ ಮೇಜಿನ ಮೇಲೆ ಹರಡಿ ಅಳೆದಾಗ ಎದೆಯ ಅಗಲ 18¾ ಇಂಚು, ಅಂದರೆ ಸುತ್ತು 37½ ಬಂದಿತು. ಆಮೇಲೆ ಮೈ ಅಳೆದು ಹೊಲಿದದ್ದಕ್ಕೂ ಇದಕ್ಕೂ ಕಾಲು ಇಂಚಿನ ವ್ಯತ್ಯಾಸ ಮಾತ್ರ. ನಾವೆಲ್ಲ ಮೊದಲು ಕೇಳುವ ಎದೆ ಸುತ್ತು ಹೀಗೆ ಸರಿಯಾಗಿಯೇ ಇತ್ತು, ತಪ್ಪು ಇದ್ದದ್ದು ಕಂಕುಳ ಸುತ್ತಿನಲ್ಲಿ. ಅಲ್ಲಿ 16¾ ಇಂಚು, ಇರಬೇಕಾದದ್ದು 16. ಕಂಕುಳ ಕೆಳಗೆ ಬದಿಯ ಹೊಲಿಗೆ ಬಿಚ್ಚಿದಾಗಲೆಲ್ಲ ಆ ಸುತ್ತೂ ಜೊತೆಗೇ ಹಿಗ್ಗುತ್ತದೆ. ಸಾಲದ್ದಕ್ಕೆ ಆ ತಿರುವಿನಲ್ಲಿ ಬಟ್ಟೆ ಓರೆ ಎಳೆಯ ಮೇಲೆ ಕತ್ತರಿಸಿರುವುದರಿಂದ ತೊಟ್ಟು ಬಿಚ್ಚುವಾಗಿನ ಜಗ್ಗಾಟಕ್ಕೆ ಇನ್ನಷ್ಟು ಇಳಿಯುತ್ತದೆ. ಕಂಕುಳ ಸುತ್ತು ದೊಡ್ಡದಿದ್ದರೆ ಕೈಯಾಡಲು ಸಲೀಸು ಎಂದೇ ನಾನೂ ತಿಳಿದಿದ್ದೆ. ಆಗುವುದು ತಿರುಗುಮುರುಗು: ಕಂಕುಳು ಕೆಳಗಿಳಿದಷ್ಟೂ ಕೈ ಎತ್ತಿದಾಗ ತೋಳು ಬದಿಯ ಬಟ್ಟೆಯನ್ನು ಜಗ್ಗುತ್ತದೆ, ಇಡೀ ಕುಪ್ಪಸ ಅದರ ಹಿಂದೆಯೇ ಏರುತ್ತದೆ. ಹಿತ್ತಲಿನ ತಂತಿಯ ಮೇಲೆ ಬಟ್ಟೆ ಹಾಕುತ್ತ ಇದನ್ನು ನೋಡಿದೆ. ಮೊದಲ ಕುಪ್ಪಸದ ಕೆಳಅಂಚು ನಾಲ್ಕು ಬೆರಳು ಮೇಲೆದ್ದಿತು.

ಎರಡನೆಯದಕ್ಕೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ಮೈ ಅಳತೆ ಕೊಟ್ಟೆ. ಟೇಪು ಎದೆಗೆ ಬಂದೊಡನೆ ನಾನು ಅರಿವಿಲ್ಲದೆಯೇ ನೆಟ್ಟಗಾದೆ. ಆಕೆ ಟೇಪು ಬಿಟ್ಟು, "ಉಸಿರು ಹಿಡಕೊಂಡು ನಿಂದರಬ್ಯಾಡ್ರಿ ಅಕ್ಕಾರ, ದಿನಾ ಹೆಂಗ ನಿಂದರ್ತೀರಿ ಹಂಗ ನಿಂದರ್ರಿ" ಎಂದು ಮತ್ತೆ ಹಿಡಿದರು. ಭುಜದ ಎಲುಬು ಎಲ್ಲಿ ಮುಗಿಯುತ್ತದೆಂದು ಬೆರಳಿನಿಂದ ಒತ್ತಿ ನೋಡಿ ಅಲ್ಲಿಂದ ಅಲ್ಲಿಗೆ 14 ಇಂಚು, ಕಂಕುಳ ಮಟ್ಟದಲ್ಲಿ ಮೇಲೆದೆ 34, ಎದೆ ಸುತ್ತು 36½, ಕೆಳಗೆ 31, ಭುಜದಿಂದ ಟಕ್ಸಿನ (ಎದೆಯ ಉಬ್ಬಿಗೆಂದು ಹಾಕುವ ಮಡಿಕೆ ಹೊಲಿಗೆಯ) ಪಾಯಿಂಟಿಗೆ 10 ಎಂದು ಬರೆದುಕೊಂಡರು. ಹಳೆಯ ಕುಪ್ಪಸದಲ್ಲಿ ಈ ಕೊನೆಯದು 9½ ಇತ್ತು. ಏಳು ವರ್ಷದಲ್ಲಿ ಮೈ ಬದಲಾದದ್ದನ್ನು ಅಳತೆ ಕುಪ್ಪಸ ಹೇಗೆ ತಾನೇ ಹೇಳೀತು? ಎದೆ ಸುತ್ತಿಗೆ 1¼ ಇಂಚು ಸಡಿಲು ಸೇರಿಸಿ 37¾ಕ್ಕೆ ಕತ್ತರಿಸಿದರು. ಕುಪ್ಪಸ ಭುಜದ ಮೇಲೆ ನಿಂತ ರೀತಿಯೇ ಬೇರೆಯಾಗಿತ್ತು; ತಂತಿಯತ್ತ ಕೈ ಎತ್ತಿದಾಗ ಒಂದು ಬೆರಳಷ್ಟು ಮಾತ್ರ ಏರಿತು. ಕೊರಳು ಮಾತ್ರ ನನಗೆ ಹಿಡಿಸಲಿಲ್ಲ. ಎಷ್ಟು ಇಡಲಿ ಎಂದು ಅವರು ಕೇಳಿದಾಗ ನಾನು ಅಂದಾಜಿನಲ್ಲಿ ಹೇಳಿದ್ದ ಇಂಚು ಮೈಮೇಲೆ ಮೇಲಕ್ಕಾಯಿತು.

ಮೂರನೆಯದಕ್ಕೆ ಮನೆಯಲ್ಲಿ ಕನ್ನಡಿಯ ಮುಂದೆ ಒಬ್ಬಳೇ ಅಳೆದುಕೊಂಡು ಚೀಟಿ ಕಳಿಸಿದೆ. ಎದೆ 36 ಎಂದು ಬಂದಿತ್ತು. ಅರ್ಧ ಇಂಚು ಎಲ್ಲಿ ಹೋಯಿತೆಂದು ಆಮೇಲೆ ಮನೆಯ ಹಳೆಯ ಟೇಪನ್ನು ಹೊಸ ಟೇಪಿನ ಪಕ್ಕ ಚಾಚಿದಾಗ ಹಳೆಯದರ 60ರ ಗುರುತು ಹೊಸದರ 60¾ರ ಎದುರಿಗೆ ನಿಂತಿತ್ತು: ವರ್ಷಗಟ್ಟಲೆ ಜಗ್ಗಿ ಟೇಪೇ ಉದ್ದವಾಗಿತ್ತು, ಉದ್ದವಾದ ಟೇಪು ಕಡಿಮೆ ತೋರಿಸುತ್ತದೆ. ಭುಜವಂತೂ 13¼ ಬಂದಿತ್ತು. ಸ್ವಂತ ಭುಜವನ್ನು ಅಳೆಯಲು ಕೈ ಎತ್ತಲೇಬೇಕು, ಕೈ ಎತ್ತಿದೊಡನೆ ಭುಜ ಒಳಕ್ಕೆ ಸರಿಯುತ್ತದೆ. ಇದು ಎಷ್ಟು ಎಚ್ಚರ ವಹಿಸಿದರೂ ತಪ್ಪುವುದಿಲ್ಲ. ಚೀಟಿ ನೋಡಿ ಟೇಲರ್ ಅಕ್ಕ ಫೋನು ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಇದು ಮೈ ಅಳತೀನೋ, ಬಟ್ಟಿ ಅಳತೀನೋ?" ನಾನು ಬರೆದಿರಲಿಲ್ಲ. ನನ್ನ ಮೈ ಅಳತೆಯನ್ನೇ ಸಡಿಲು ಸೇರಿದ ಬಟ್ಟೆ ಅಳತೆಯೆಂದು ತಿಳಿದು ಕತ್ತರಿಸಿದ್ದರೆ ಕುಪ್ಪಸ ಒಂದು ಇಂಚಿಗಿಂತ ಹೆಚ್ಚು ಬಿಗಿಯಾಗಬಹುದಿತ್ತು.

ಸಿದ್ಧ ಉಡುಪಿನ ಗೊಂದಲಕ್ಕೂ ಇದೇ ಪ್ರಶ್ನೆ ಮೂಲ. ಒಂದು ಅಂಗಡಿಯ ಪಟ್ಟಿಯಲ್ಲಿ 38 ಎಂದರೆ ಮೈ, ಇನ್ನೊಂದರಲ್ಲಿ ಬಟ್ಟೆ. ಭಾರತೀಯರ ಮೈಗೆ ಒಪ್ಪುವ ಗಾತ್ರಪಟ್ಟಿಗಾಗಿ ಕೇಂದ್ರ ಜವಳಿ ಸಚಿವಾಲಯದ ಬೆಂಬಲದಿಂದ ನಿಫ್ಟ್ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ) ಸಂಸ್ಥೆಯು 15ರಿಂದ 65 ವಯಸ್ಸಿನ ಸುಮಾರು 25,000 ಜನರನ್ನು ಸ್ಕ್ಯಾನರಿನಿಂದ ಅಳೆಯುವ ಯೋಜನೆ ಹಾಕಿಕೊಂಡದ್ದು ಬಹಳ ಬೇಕಾಗಿದ್ದ ಕೆಲಸ. ಕುರ್ತಾದಂಥ ಸಡಿಲು ಉಡುಪಿಗೆ ಪಟ್ಟಿ ಸಾಕು, ಕುಪ್ಪಸಕ್ಕೆ ಸಾಲದು.

ನನ್ನ ತೀರ್ಮಾನದಲ್ಲಿ ಭುಜ, ಕಂಕುಳ ಸುತ್ತು, ಟಕ್ಸಿನ ಪಾಯಿಂಟು ಇವು ಮೂರನ್ನು ಬೇರೊಬ್ಬರ ಕೈಯಿಂದ ಮೈಮೇಲೆಯೇ ಅಳೆಸಬೇಕು, ಕೊರಳು ಮತ್ತು ತೋಳಿನ ಉದ್ದವನ್ನು ಹಳೆಯ ಕುಪ್ಪಸದಿಂದ ತೆಗೆಯಬೇಕು. ಟೇಲರ್ ಅಂಗಡಿಗೆ ಹೋಗಲಾಗದಷ್ಟು ವಯಸ್ಸಾದವರಿಗೆ, ಹೆಚ್ಚೆಂದರೆ ಎರಡು ವರ್ಷದೊಳಗೆ ಹೊಲಿಸಿದ, ಒಮ್ಮೆಯೂ ಬಿಚ್ಚಿಸದ ಕುಪ್ಪಸವಿದ್ದರೆ ಅದನ್ನೇ ಕಳಿಸುವುದರಲ್ಲಿ ತಪ್ಪಿಲ್ಲ.

ಖಣವನ್ನು ಹೀಗೆಯೇ ಹೊಲಿಸಿದೆ. ಬದಿಗೆ ಒಂದೊಂದು ಇಂಚು ಮಾರ್ಜಿನ್ ಬಿಡಿಸಿ, ಕಚ್ಚಾ ಹೊಲಿಗೆ ಹಾಕಿದಾಗಲೇ ತೊಟ್ಟು, ಅಂಗಡಿಯ ಮೇಲಿನ ಹಲಗೆಯತ್ತ ಎರಡೂ ಕೈ ಚಾಚಿ ನೋಡಿದ ಮೇಲೆಯೇ ಮಶೀನಿಗೆ ಹೋಯಿತು. ಅಳತೆಯ ಚೀಟಿಯ ಮೇಲೆ ತಾರೀಖನ್ನೂ 'ಮೈ ಅಳತೆ' ಎಂಬುದನ್ನೂ ಬರೆಸಿ ಟ್ರಂಕಿನಲ್ಲಿ ಖಣವಿದ್ದ ಜಾಗದಲ್ಲಿ ಇಟ್ಟಿದ್ದೇನೆ.