ಕೆಟ್ಟ ತಿಂಗಳು ಬಂದಾಗ ಹೂಡಿಕೆದಾರರಿಗೆ ಬರೆಯುವುದನ್ನು ನಿಲ್ಲಿಸಿದೆ. ನೀವು ಹಾಗೆ ಮಾಡಬೇಡಿ

ಸ್ಟಾರ್ಟಪ್ ನಡೆಸುತ್ತಿರುವವರು, ಅದರಲ್ಲೂ ಪರಿಚಯದವರಿಂದ ದುಡ್ಡು ಹಾಕಿಸಿಕೊಂಡವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಕಂಪನಿ 2024ರ ಜೂನ್‌ನಲ್ಲಿ ಮುಚ್ಚಿತು. ನಮ್ಮ ಮಾಲಿನಲ್ಲಿ ದೋಷ ಇತ್ತು, ನಿಜ. ಆದರೆ ಅದು ಸರಿಹೋಗುವಂಥ ದೋಷ. ಸರಿಮಾಡಬಲ್ಲವರು ನಮ್ಮ ಷೇರುದಾರರಲ್ಲೇ ಒಬ್ಬರಿದ್ದರು. ಅವರಿಗೆ ನಾನು ಏಳು ತಿಂಗಳು ಏನೂ ಹೇಳಲಿಲ್ಲ.

ಮೈಸೂರಿನಲ್ಲಿ ನಾನೂ ನನ್ನ ಗೆಳೆಯನೂ ಸೇರಿ ರಾಗಿ ದೋಸೆ ಮಿಕ್ಸ್, ನವಣೆ ಉಪ್ಪಿಟ್ಟಿನ ಮಿಕ್ಸ್ ಮಾಡಿ ಮಾರುತ್ತಿದ್ದೆವು. 2022ರ ಡಿಸೆಂಬರ್‌ನಲ್ಲಿ ಒಂಬತ್ತು ಜನ ಸೇರಿ 60 ಲಕ್ಷ ಹಾಕಿದರು. ದೊಡ್ಡ ಫಂಡ್ ಯಾವುದೂ ಇರಲಿಲ್ಲ. ನಿವೃತ್ತರು, ವ್ಯಾಪಾರಿಗಳು, ಇಬ್ಬರು ಸಾಫ್ಟ್‌ವೇರ್‌ನವರು. ಎಲ್ಲರದೂ ದುಡಿದ ದುಡ್ಡು. ಮರುವರ್ಷ, ಅಂದರೆ 2023, ವಿಶ್ವಸಂಸ್ಥೆ ಘೋಷಿಸಿದ್ದ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ. ಎಲ್ಲಿ ನೋಡಿದರೂ ಸಿರಿಧಾನ್ಯದ ಮಾತು. ಜನವರಿಯಿಂದ ಆಗಸ್ಟ್‌ವರೆಗೆ ತಿಂಗಳ ಮೊದಲ ಭಾನುವಾರ ತಪ್ಪದೆ ಒಂಬತ್ತೂ ಜನರಿಗೆ ಇಮೇಲ್ ಬರೆದೆ. ಹೊಸ ಅಂಗಡಿ ಎಷ್ಟು, ಹೊಸ ಊರು ಯಾವುದು, ಮಾರಾಟ ಎಷ್ಟು. ಒಳ್ಳೆ ಸುದ್ದಿ ಇದ್ದಾಗ ಬರೆಯೋದು ಕಷ್ಟವೇ ಅಲ್ಲ.

ಆ ಪತ್ರಗಳಲ್ಲೂ ಒಂದು ತಪ್ಪಿತ್ತು ಅಂತ ಈಗ ಕಾಣುತ್ತದೆ. ನಾನು ‘ಮಾರಾಟ’ ಅಂತ ಬರೆಯುತ್ತಿದ್ದದ್ದು ಡಿಸ್ಟ್ರಿಬ್ಯೂಟರ್‌ಗೆ ಕಳಿಸಿದ ಮಾಲಿನ ಲೆಕ್ಕ. ಜುಲೈ ಪತ್ರದಲ್ಲಿ 11 ಲಕ್ಷ ಅಂತ ಬರೆದಿದ್ದೆ. ಅಂಗಡಿಯಿಂದ ಗಿರಾಕಿಯ ಕೈಗೆ ಹೋದದ್ದು 6 ಲಕ್ಷವೂ ಇರಲಿಲ್ಲ. ಉಳಿದದ್ದು ಗೋಡೌನಿನಲ್ಲಿ ಕೂತಿತ್ತು. ಅವಧಿ ಮುಗಿದರೆ ಅದು ನಮಗೇ ವಾಪಸ್. ಆಹಾರದ ವ್ಯಾಪಾರ ಮಾಡುವವರು ಎರಡೂ ಅಂಕಿ ಬೇರೆ ಬೇರೆ ಬರೆಯಿರಿ. ಒಂದನ್ನೇ ಬರೆಯುವುದಾದರೆ ಗಿರಾಕಿ ಕೊಂಡದ್ದನ್ನು ಬರೆಯಿರಿ.

ಆಗಸ್ಟ್ ಕೊನೆಗೆ ಮಂಗಳೂರು, ಉಡುಪಿ ಕಡೆಯಿಂದ ಪ್ಯಾಕೆಟ್‌ಗಳು ವಾಪಸ್ ಬರತೊಡಗಿದವು. ಮಳೆಗಾಲ. ಒಳಗಿನ ಹಿಟ್ಟು ಗಂಟುಗಟ್ಟಿತ್ತು, ಕೆಲವದರಲ್ಲಿ ಹುಳು. ಮೊದಲ ಕಂತಿನಲ್ಲೇ 1,800 ಪ್ಯಾಕೆಟ್. ಸೆಪ್ಟೆಂಬರ್‌ನ ಮೊದಲ ಭಾನುವಾರ ಲ್ಯಾಪ್‌ಟಾಪ್ ತೆಗೆದು ಕೂತೆ. ‘ಈ ತಿಂಗಳು’ ಅಂತ ಎರಡು ಪದ ಟೈಪ್ ಮಾಡಿದೆ. ಸಮಸ್ಯೆ ಬಗೆಹರಿಸಿಯೇ ಬರೆಯೋಣ, ಸುಮ್ನೆ ಅವರಿಗೆ ಗಾಬರಿ ಯಾಕೆ ಅಂದುಕೊಂಡು ಮುಚ್ಚಿಟ್ಟೆ. ಅವರ ಒಳ್ಳೆಯದಕ್ಕೇ ಹಾಗೆ ಮಾಡುತ್ತಿದ್ದೇನೆ ಅಂತ ನಿಜವಾಗಿ ನಂಬಿದ್ದೆ.

ಅಕ್ಟೋಬರ್‌ನಲ್ಲಿ ಎರಡು ತಿಂಗಳದ್ದು ಸೇರಿಸಿ ಬರೆಯಬೇಕಾಯಿತು. ನವೆಂಬರ್‌ನಲ್ಲಿ ಮೂರು ತಿಂಗಳದ್ದು. ಬಿಟ್ಟಷ್ಟೂ ಪತ್ರ ಭಾರವಾಗುತ್ತದೆ. ಈ ಮಾತು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಯಾಕೆಂದರೆ ಮೊದಲ ತಿಂಗಳು ಬಿಟ್ಟಾಗ ಅದು ಏನೂ ಅಲ್ಲ ಅನ್ನಿಸುತ್ತದೆ. ಈ ನಡುವೆ 2024ರ ಜನವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಸಿರಿಧಾನ್ಯ ಮೇಳಕ್ಕೆ ಹೋಗಿ, ಅಲ್ಲಿನ ಫೋಟೋಗಳನ್ನು ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಹೆಬ್ಬೆರಳು ಎತ್ತಿದರು. ನನಗೆ ಇವತ್ತಿಗೂ ಅತಿ ಜಾಸ್ತಿ ನೋವು ಕೊಡುವುದು ಆ ಫೋಟೋಗಳೇ.

ಇನ್ನೊಂದು ತಪ್ಪು. ನನಗೆ ಹತ್ತಿರದವರಾಗಿದ್ದ ಒಬ್ಬ ಹೂಡಿಕೆದಾರರಿಗೆ ಫೋನಿನಲ್ಲಿ ಎಲ್ಲ ಹೇಳಿದ್ದೆ, ಸದ್ಯಕ್ಕೆ ಯಾರಿಗೂ ಹೇಳಬೇಡಿ ಸರ್ ಅಂತ ಸೇರಿಸಿ. ಫೆಬ್ರವರಿಯಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಅವರ ಪಕ್ಕ ಕೂತದ್ದು ಇನ್ನೊಬ್ಬ ಹೂಡಿಕೆದಾರರು. ಪಾಯಸ ಬರುವ ಹೊತ್ತಿಗೆ ಮಾತು ಹೊರಬಿದ್ದಿತ್ತು. ಸಂಜೆಗೆ ನನಗೆ ನಾಲ್ಕು ಫೋನ್. ಮಾಲು ಕೆಟ್ಟಿದ್ದಕ್ಕೆ ಯಾರೂ ಬೈಯಲಿಲ್ಲ. ‘ಅವರಿಗೆ ಹೇಳಿದ್ದೀರಿ, ನಮಗೆ ಯಾಕಿಲ್ಲ?’ ಅಂತ ಎಲ್ಲರೂ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಗ ನಮ್ಮ ಒಪ್ಪಂದ ತೆಗೆದು ಓದಿದೆ. ಕಂಪನಿ ಕಾಯ್ದೆ 2013ರ ಪ್ರಕಾರ ಷೇರುದಾರರಿಗೆ ಲೆಕ್ಕಪತ್ರ ಕಳಿಸಬೇಕಾದದ್ದು ವರ್ಷಕ್ಕೊಮ್ಮೆ, ವಾರ್ಷಿಕ ಸಭೆಗೆ ಮುಂಚೆ. ನಾನು ಅಷ್ಟೇ ಅಂದುಕೊಂಡಿದ್ದೆ. ಆದರೆ ನಮ್ಮ ಷೇರುದಾರರ ಒಪ್ಪಂದದಲ್ಲಿ ಮಾಹಿತಿ ಹಕ್ಕು ಅಂತ ಒಂದು ಕಲಂ ಇತ್ತು. ಪ್ರತಿ ತ್ರೈಮಾಸಿಕ ಮುಗಿದ 30 ದಿನದೊಳಗೆ ಲೆಕ್ಕ ಕೊಡಬೇಕು. ನಾನೇ ಸಹಿ ಮಾಡಿದ ಕಾಗದ. ಎರಡು ತ್ರೈಮಾಸಿಕ ತಪ್ಪಿಸಿದ್ದೆ. ನಿಮ್ಮ ಒಪ್ಪಂದದಲ್ಲೂ ಈ ಕಲಂ ಇರಬಹುದು, ತೆಗೆದು ನೋಡಿ.

ಮಾರ್ಚ್‌ನಲ್ಲಿ ಪ್ಯಾಕೇಜಿಂಗ್ ಉದ್ಯಮದಲ್ಲಿ ಮೂವತ್ತು ವರ್ಷ ದುಡಿದಿದ್ದ ಹಿರಿಯರೊಬ್ಬರು ನಮ್ಮ ಘಟಕಕ್ಕೆ ಬಂದರು. ಅವರೂ ಒಂಬತ್ತರಲ್ಲಿ ಒಬ್ಬರು. ಮನೆ ನಮ್ಮ ಘಟಕದಿಂದ ನಾಲ್ಕು ಕಿಲೋಮೀಟರ್. ಒಂದು ಬಕೆಟ್ ನೀರು ತರಿಸಿದರು. ಪ್ಯಾಕೆಟ್ ಮುಳುಗಿಸಿ ಎರಡೂ ಕೈಯಲ್ಲಿ ಮೆಲ್ಲಗೆ ಒತ್ತಿದರು. ಮೇಲಿನ ಸೀಲಿನ ಮೂಲೆಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಕತ್ತರಿ ಕೇಳಿದರು. ಸೀಲ್ ಇರುವ ಪಟ್ಟಿಯನ್ನು ಕತ್ತರಿಸಿ ಬಿಡಿಸಿ, ಕಿಟಕಿ ಬೆಳಕಿಗೆ ಹಿಡಿದು ತೋರಿಸಿದರು. ಎರಡು ಪದರದ ನಡುವೆ ತೆಳ್ಳಗೆ ಹಿಟ್ಟು. ತುಂಬುವಾಗ ಏಳುವ ಧೂಳು ಪ್ಯಾಕೆಟ್ಟಿನ ಬಾಯಿಗೆ ಮೆತ್ತಿಕೊಂಡು, ಅಲ್ಲಿ ಸೀಲ್ ಸರಿಯಾಗಿ ಅಂಟುತ್ತಿರಲಿಲ್ಲ. ತುಂಬುವ ಕೊಳವೆಯನ್ನು ಇನ್ನೂ ಕೆಳಗೆ ಇಳಿಸಬೇಕು, ಬಾಯಿಯ ಹತ್ತಿರ ಧೂಳು ಎಳೆಯುವ ಪೈಪ್ ಇಡಬೇಕು. ಖರ್ಚು 30 ಸಾವಿರದೊಳಗೆ.

ಏಳು ತಿಂಗಳು ನಾವು ಪ್ಯಾಕೆಟ್ಟಿನ ಪ್ಲಾಸ್ಟಿಕ್ ಬದಲಾಯಿಸಿದ್ದೆವು, ಹಿಟ್ಟು ಹುರಿಯುವ ಹೊತ್ತು ಬದಲಾಯಿಸಿದ್ದೆವು, ಮಾಲು ಸಾಗಿಸುವವರ ಜೊತೆ ಜಗಳ ಆಡಿದ್ದೆವು. ಆ ಹಿರಿಯರಿಗೆ ಹತ್ತು ನಿಮಿಷ ಹಿಡಿಯಿತು. ಕೈ ಒರೆಸಿಕೊಂಡು, ‘ಏನಪ್ಪಾ, ಇದನ್ನ ಸೆಪ್ಟೆಂಬರ್‌ನಲ್ಲೇ ಹೇಳಬಾರದಿತ್ತಾ?’ ಅಂದರು. ದನಿ ಏರಿಸಲಿಲ್ಲ.

ಏಪ್ರಿಲ್ 1ಕ್ಕೆ ಬ್ಯಾಂಕಿನಲ್ಲಿ 8 ಲಕ್ಷ ಉಳಿದಿತ್ತು. ತಿಂಗಳಿಗೆ 5 ಲಕ್ಷ ಕೈಬಿಟ್ಟು ಹೋಗುತ್ತಿತ್ತು. ಅಂದರೆ ಒಂದೂವರೆ ತಿಂಗಳು. ಆಗ 25 ಲಕ್ಷ ಕೇಳಿ ಎಲ್ಲರಿಗೂ ಬರೆದೆ. ಏಳು ತಿಂಗಳ ನಂತರ ಬಂದ ಮೊದಲ ಪತ್ರವೇ ದುಡ್ಡು ಕೇಳುವ ಪತ್ರ. ಇಬ್ಬರು ಮಾತ್ರ ಕೊಡೋಣ ಅಂದರು. ಅವರು ಒಪ್ಪಿದರೂ ದುಡ್ಡು ಮರುದಿನ ಕೈಗೆ ಬರುವುದಿಲ್ಲ ಅನ್ನೋದು ನನಗೆ ಆಗ ಅರಿವಾಯಿತು. ಖಾಸಗಿಯಾಗಿ ಷೇರು ಕೊಡಬೇಕಾದರೆ ಮೌಲ್ಯಮಾಪನ ವರದಿ ಬೇಕು, ಷೇರುದಾರರ ವಿಶೇಷ ನಿರ್ಣಯ ಬೇಕು, ಹಣ ಬೇರೆಯದೇ ಬ್ಯಾಂಕ್ ಖಾತೆಗೆ ಬರಬೇಕು. ಷೇರು ಹಂಚಿ, ಆ ವಿವರವನ್ನು ಕಂಪನಿ ರಿಜಿಸ್ಟ್ರಾರ್‌ಗೆ ತಿಳಿಸುವ ಪಿಎಎಸ್-3 ಫಾರಂ ಸಲ್ಲಿಸುವ ತನಕ ಆ ಹಣ ಮುಟ್ಟುವಂತಿಲ್ಲ. ಅಷ್ಟು ದಿನ ನಮ್ಮ ಹತ್ತಿರ ಇರಲಿಲ್ಲ. ಕೆಲಸದವರ ಬಾಕಿ, ಪಿಎಫ್, ಪೂರೈಕೆದಾರರ ದುಡ್ಡು ತೀರಿಸಿ ಬಾಗಿಲು ಹಾಕಿದೆವು. ಆರು ತಿಂಗಳಿಗೆ ಆಗುವಷ್ಟು ದುಡ್ಡು ಇರುವಾಗಲೇ ಕೇಳಲು ಶುರುಮಾಡಿ. ಅದಕ್ಕೆ ಹೂಡಿಕೆದಾರರಿಗೆ ನಿಮ್ಮ ಸ್ಥಿತಿ ಮೊದಲಿಂದ ಗೊತ್ತಿರಬೇಕು, ಅಲ್ವಾ?

ಪತ್ರ ಉದ್ದ ಬೇಕಿಲ್ಲ. ಬ್ಯಾಂಕಿನಲ್ಲಿ ಇವತ್ತು ಎಷ್ಟಿದೆ, ತಿಂಗಳಿಗೆ ಎಷ್ಟು ಹೋಗುತ್ತಿದೆ, ಇನ್ನೆಷ್ಟು ತಿಂಗಳು ನಡೆಯುತ್ತದೆ ಅನ್ನೋದು ಮೊದಲಿಗೇ ಬರಲಿ. ಹೋದ ತಿಂಗಳು ಮಾಡುತ್ತೇವೆ ಅಂದದ್ದು ಆಯಿತೋ ಇಲ್ಲವೋ ಬರೆಯಿರಿ. ಏನು ಕೆಟ್ಟಿದೆ ಅಂತ ಬಿಡಿಸಿ ಹೇಳಿ, ಯಾವ ಸಹಾಯ ಬೇಕು ಅಂತ ನೇರವಾಗಿ ಕೇಳಿ. ‘ಪ್ಯಾಕೆಟ್ಟಿಗೆ ತೇವ ಹೋಗುತ್ತಿದೆ, ಈ ಬಗ್ಗೆ ತಿಳಿದವರು ಯಾರಾದರೂ ಇದ್ದೀರಾ?’ ಅಂತ ಒಂದೇ ಸಾಲು ಬರೆದಿದ್ದರೆ ನಮಗೆ ಸಾಕಿತ್ತು. ಒಂಬತ್ತು ಜನರಿದ್ದರೆ ಒಂಬತ್ತೂ ಜನರಿಗೆ ಒಂದೇ ದಿನ, ಒಂದೇ ಪತ್ರ ಹೋಗಲಿ.

ಭಾಷೆಯ ಬಗ್ಗೆಯೂ ಒಂದು ಮಾತು. ಕಂಪನಿ ಮುಚ್ಚುವಾಗ ಕೊನೆಯ ಪತ್ರವನ್ನು ಕನ್ನಡದಲ್ಲಿ ಬರೆದೆ. ದಾವಣಗೆರೆಯ ಅಕ್ಕಿ ವ್ಯಾಪಾರಿಯೊಬ್ಬರು ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದರು. ಡಿಸ್ಟ್ರಿಬ್ಯೂಟರ್ ಲೆಕ್ಕದ ತಪ್ಪನ್ನು ಅವರೇ ಎತ್ತಿ ತೋರಿಸಿದ್ದು. ಮೊದಲಿನ ಎಂಟು ಇಂಗ್ಲಿಷ್ ಪತ್ರಗಳನ್ನು ಅವರು ಓದಿರಲೇ ಇಲ್ಲ.

ನಿಮ್ಮ ಪತ್ರ ಒಂದೆರಡು ತಿಂಗಳಿಂದ ನಿಂತಿದ್ದರೆ ಇವತ್ತು ರಾತ್ರಿಯೇ ಕೂತು ಬರೆಯಿರಿ. ‘ಎರಡು ತಿಂಗಳು ಬರೆಯಲಿಲ್ಲ, ತಪ್ಪಾಯಿತು’ ಅಂತ ಮೊದಲ ಸಾಲು. ಅದರ ಕೆಳಗೆ ಬ್ಯಾಂಕಿನಲ್ಲಿ ಉಳಿದಿರುವ ಹಣ.